ಉಮ್ಮನ ಕೈ ಮಾತ್ರ ಕಂಡ ಚಿತ್ರ



ಇದನ್ನು ಓದಿ ಕೆಲವರಿಗೆ ನನ್ನ ಮೇಲೆ ಸಿಟ್ಟು ಬರಬಹುದು. ಬರಲಿ. ನನಗೇ ನನ್ನ ಮೇಲೆ ಸಿಟ್ಟಿದೆ. ಆದ್ದರಿಂದಲೇ ಬರೆಯುತ್ತಿದ್ದೇನೆ.

ಹಿಂದೂಪುರದಲ್ಲಿ ನಮ್ಮ ಬೀದಿಯ ಹುಡುಗರು ಸೇರಿ ಒಂದು ಕಿರುಚಿತ್ರ ಹಬ್ಬ ಮಾಡಿದರು. ಹಬ್ಬ ಅಂದರೆ ದೊಡ್ಡದೇನಲ್ಲ. ಮದುವೆ ಹಾಲಿನ ಹಿಂದಿನ ಅಂಗಳ, ಬಾಡಿಗೆಗೆ ತಂದ ಪ್ರೊಜೆಕ್ಟರ್, ಎರಡು ಬಿಳಿ ಬೆಡ್‌ಶೀಟ್ ಜೋಡಿಸಿ ಹೊಲಿದ ಪರದೆ, ನೂರು ಪ್ಲಾಸ್ಟಿಕ್ ಕುರ್ಚಿ. ಇದ್ದದ್ದು ಒಂದೇ ನಿಯಮ: ಚಿತ್ರವನ್ನು ಈ ಬೀದಿಯವರೇ ತೆಗೆದಿರಬೇಕು. ಮೊಬೈಲಿನಲ್ಲಿ ತೆಗೆದರೂ ಆಯಿತು. ಕಮಿಟಿಯಲ್ಲಿ ಐದು ಮಂದಿ ಇದ್ದೆವು. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು, ವೈರು, ಸ್ಪೀಕರು ನೋಡಿಕೊಳ್ಳುತ್ತಾನೆ ಅಂತ ನನ್ನನ್ನೂ ಸೇರಿಸಿಕೊಂಡಿದ್ದರು.

ಒಂಬತ್ತು ಚಿತ್ರ ಬಂದವು. ಎಂಟು ತೋರಿಸಿದೆವು. ಬಿಟ್ಟ ಆ ಒಂದರ ಬಗ್ಗೆಯೇ ಈ ಬರಹ.

ಅದನ್ನು ತೆಗೆದದ್ದು ಡಿಗ್ರಿ ಓದುವ ಒಬ್ಬಳು ಬ್ಯಾರಿ ಹುಡುಗಿ. ಏಳು ನಿಮಿಷದ ಚಿತ್ರ. ಬೆಳಗ್ಗೆ ಸುಬಹಿ ನಮಾಜ್ ಮುಗಿದ ಮೇಲೆ ಅವಳ ಉಮ್ಮ ಪತ್ತಿರ್ ಮಾಡುತ್ತಾರೆ. ಕಾಣುವುದು ಕೈ ಮಾತ್ರ. ಹಿಟ್ಟು ನಾದುವ ಕೈ, ಕಾವಲಿಯ ಮೇಲೆ ಮಗುಚುವ ಕೈ, ಸೆರಗಿಗೆ ಒರೆಸಿಕೊಳ್ಳುವ ಕೈ. ಮುಖ ಎಲ್ಲೂ ಇಲ್ಲ. ಜೊತೆಗೆ ಉಮ್ಮನ ಮಾತು, ಬ್ಯಾರಿಯಲ್ಲಿ: ಬಂಟ್ವಾಳದ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದದ್ದು, ತೆಲುಗು ಬಾರದೆ ಒಂದು ವರ್ಷ ಬೆರಳು ತೋರಿಸಿಯೇ ಉಪ್ಪು, ಸೋಪು ಕೊಂಡದ್ದು, ಬಾವಿಕಟ್ಟೆಯ ಮಳೆಯ ಸದ್ದು ಇಲ್ಲಿ ಕೇಳಲೇ ಇಲ್ಲ ಅಂತ ಅತ್ತದ್ದು. ಅಷ್ಟೇ.

ಕಮಿಟಿಯಲ್ಲಿ ಒಬ್ಬರು ಹೇಳಿದರು, "ಹೆಂಗಸಿನ ದನಿ ಸ್ಪೀಕರಿನಲ್ಲಿ ಬೀದಿಗೆಲ್ಲ ಕೇಳಿಸುವುದು ಸರಿಯಲ್ಲ." ಇನ್ನೊಬ್ಬರು, "ಬ್ಯಾರಿ ಭಾಷೆ ಇಲ್ಲಿ ಯಾರಿಗೆ ಅರ್ಥ ಆಗುತ್ತದೆ?" ಮತ್ತೊಬ್ಬರು, "ಅಡುಗೆಮನೆ ತೋರಿಸಿ ಏನು ಸಿಗುತ್ತದೆ?" ನಾಲ್ಕನೆಯವರು ತಲೆ ಆಡಿಸಿದರು. ಐದನೆಯವನು ನಾನು. ಚಹಾ ಕುಡಿಯುತ್ತಾ, "ಮುಂದಿನ ಸಲ ನೋಡೋಣ" ಅಂದೆ. ಅಂಗಡಿಯಲ್ಲಿ ಸಾಲ ಕೇಳಲು ಬಂದವರನ್ನು ನೋವಾಗದಂತೆ ಹಿಂದೆ ಕಳಿಸಲು ಉಪ್ಪ ಹೇಳುತ್ತಿದ್ದ ಮಾತು ಅದು. ಆ ಹುಡುಗಿಗೂ ಅದರ ಅರ್ಥ ಗೊತ್ತಿತ್ತು.

ತೋರಿಸಿದ ಎಂಟು ಚಿತ್ರ ಯಾವುವು ಅಂತ ಕೇಳಿ. ಐದರಲ್ಲಿ ಹೊಡೆದಾಟ. ಬೈಕಿನಿಂದ ನಿಧಾನವಾಗಿ ಇಳಿಯುವ ಹೀರೋ, ಹಿಂದೆ ಹಾರುವ ಧೂಳು. ಮೂರರಲ್ಲಿ ತೆಲುಗು ಸಿನಿಮಾದ ಹಾಡುಗಳನ್ನೇ ಕತ್ತರಿಸಿ ಹಾಕಿದ್ದರು. ಆ ಹಾಡು ಹಾಡಿದವರು ಹೆಂಗಸರಲ್ಲವೇ? ಆ ದನಿ ಸ್ಪೀಕರಿನಲ್ಲಿ ಬೀದಿಗೆಲ್ಲ ಕೇಳಿಸಲಿಲ್ಲವೇ? ಕೇಳಿಸಿತು. ಯಾರೂ ಏನೂ ಅನ್ನಲಿಲ್ಲ. ಅಂದರೆ ನಮಗೆ ತೊಂದರೆ ಹೆಣ್ಣಿನ ದನಿಯಿಂದ ಅಲ್ಲ, ನಮ್ಮ ಮನೆಯ ಹೆಣ್ಣಿನ ದನಿಯಿಂದ. ಅದನ್ನು ಧರ್ಮದ ಲೆಕ್ಕಕ್ಕೆ ಹಾಕಬೇಡಿ. ಅದು ನಮ್ಮ ಅಂಜಿಕೆಯ ಲೆಕ್ಕ.

ಹುಡುಗರನ್ನು ನಾನು ಬೈಯುವುದಿಲ್ಲ. ಹಿಂದೂಪುರದಲ್ಲಿ ಹುಟ್ಟಿದವರಿಗೆ ಹೀರೋ ಅಂದರೆ ಏನು ಅಂತ ಕಲಿಸಬೇಕಾಗಿಲ್ಲ. 1985ರಲ್ಲಿ ಎನ್.ಟಿ. ರಾಮರಾವ್ ಇಲ್ಲಿಂದ ಗೆದ್ದರು. 1989ರಲ್ಲಿ, 1994ರಲ್ಲಿ ಮತ್ತೆ ಗೆದ್ದರು. ಅವರ ನಂತರ 1996ರ ಉಪಚುನಾವಣೆಯಲ್ಲಿ ಮಗ ಹರಿಕೃಷ್ಣ. 2014, 2019, 2024ರಲ್ಲಿ ಇನ್ನೊಬ್ಬ ಮಗ ಬಾಲಕೃಷ್ಣ. ಬೆಳ್ಳಿತೆರೆಯ ಒಂದೇ ಮನೆಯವರನ್ನು ಇಷ್ಟು ಸಲ ಶಾಸನಸಭೆಗೆ ಕಳಿಸಿದ ಊರು ನಮ್ಮದು. ಯಾರಿಗೆ ಓಟು ಹಾಕಬೇಕು ಅಂತ ಹೇಳಲು ನಾನು ಬಂದಿಲ್ಲ. ನಾನು ಹೇಳುವುದು ಇಷ್ಟೇ: ಇಷ್ಟೊಂದು ಸಿನಿಮಾ ಪ್ರೀತಿಸುವ ಊರಿನ ಹುಣಸೆ ಮಂಡಿ, ಮೆಣಸಿನಕಾಯಿ ಘಾಟು, ರೇಷ್ಮೆಗೂಡಿನ ಮಾರುಕಟ್ಟೆ, ಮಸೀದಿ ಬೀದಿ, ನಮ್ಮ ಉಪ್ಪಂದಿರ ಅಂಗಡಿಗಳು ಎಷ್ಟು ಸಿನಿಮಾದಲ್ಲಿ ಬಂದಿವೆ? ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಿ ತಟ್ಟಿ ನಮ್ಮ ಕೈ ಸವೆದಿದೆ. ಪರದೆಯ ಮೇಲೆ ಮಾತ್ರ ನಾವಿಲ್ಲ. ಇದ್ದರೆ ಕಳ್ಳಸಾಗಣೆದಾರನೋ, ಬಾಂಬ್ ಇಡುವವನೋ, ಇಲ್ಲವೇ ಹೀರೋನ ನಗಿಸುವ ಗೆಳೆಯನೋ ಆಗಿ. ಹೊರಗಿನವರು ನಮ್ಮನ್ನು ತಪ್ಪಾಗಿ ತೋರಿಸುತ್ತಾರೆ ಅಂತ ಜುಮಾ ಮುಗಿಸಿ ಗೇಟಿನ ಹತ್ತಿರ ನಿಂತು ದೂರುವವರು, ನಮ್ಮದೇ ಹುಡುಗಿ ಸರಿಯಾಗಿ ತೋರಿಸಿದಾಗ ಪ್ಲಗ್ ಕಿತ್ತೆವು.

ಆ ಚಿತ್ರವನ್ನು ಕೊನೆಗೆ ನೋಡಿದ್ದು ಕಲ್ಯಾಣದುರ್ಗ.

ನಾನು ಶೇಂಗಾ ಸುಲಿಯುವ ಯಂತ್ರಗಳ ರಿಪೇರಿಗೆ ಅಲ್ಲಿಗೆ ಹೋಗುತ್ತಿರುತ್ತೇನೆ. ನನ್ನ ಅಕ್ಕನನ್ನು ಕೊಟ್ಟದ್ದೂ ಅಲ್ಲಿಗೇ. ಮಡಕಶಿರಾ, ಪಾವಗಡ ಮೇಲಿಂದ ಹೋದರೆ ಆಂಧ್ರದಿಂದ ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರಕ್ಕೆ ಹೋಗಬೇಕು. ಆಂಧ್ರದ ಮಡಕಶಿರಾದಲ್ಲಿ ಕನ್ನಡ ಕೇಳುತ್ತದೆ, ಕರ್ನಾಟಕದ ಪಾವಗಡದಲ್ಲಿ ತೆಲುಗು ಕೇಳುತ್ತದೆ. ಯಾವ ಭಾಷೆಯೂ ಇಲ್ಲಿ ಬೇರೊಂದು ಭಾಷೆಯನ್ನು ಕಂಡು ಓಡಿಹೋಗಿಲ್ಲ. ನಮ್ಮ ಕಮಿಟಿಗೆ ಮಾತ್ರ ಬ್ಯಾರಿಯ ಏಳು ನಿಮಿಷ ಭಾರವಾಯಿತು.

ಹೊರಡುವ ಮೊದಲು ಆ ಹುಡುಗಿ ಪೆನ್‌ಡ್ರೈವ್ ಕೊಟ್ಟಳು. "ಉಮ್ಮನ ಹತ್ತಿರ ಕೇಳಿದ್ದೇನೆ ಕಾಕ. ಹೆಂಗಸರಿಗಾದರೆ ತೋರಿಸಬಹುದು ಅಂದಿದ್ದಾರೆ. ಅಲ್ಲಾದರೂ ತೋರಿಸಿ" ಅಂದಳು. ಆ 'ಅಲ್ಲಾದರೂ' ಅನ್ನುವುದು ನನಗೆ ಚುಚ್ಚಿತು.

ಅಕ್ಕ ಅಸರ್ ಆದ ಮೇಲೆ ಅಕ್ಕಪಕ್ಕದ ಹೆಂಗಸರನ್ನು ಕರೆದಳು. ಹದಿನಾಲ್ಕು ಮಂದಿ ಬಂದರು. ಬ್ಯಾರಿ ಮನೆಗಳು ಮೂರೇ. ಉಳಿದವರಲ್ಲಿ ಉರ್ದು ಮಾತಾಡುವವರು, ತೆಲುಗನ್ನೇ ಮನೆಮಾತು ಮಾಡಿಕೊಂಡ ದೂದೇಕುಲದವರು, ಪಕ್ಕದ ಮನೆಯ ರೆಡ್ಡಿ ಅಮ್ಮ. ಟಿವಿಗೆ ಪೆನ್‌ಡ್ರೈವ್ ಹಾಕಿಕೊಟ್ಟು ನಾನು ಹೊರಗೆ ಜಗಲಿಯಲ್ಲಿ ಕೂತೆ. ಒಳಗಿನದ್ದು ಅಕ್ಕ ಆಮೇಲೆ ಹೇಳಿದಳು. ಬೆರಳು ತೋರಿಸಿ ಉಪ್ಪು ಕೊಂಡ ಮಾತು ಬಂದಾಗ ಬ್ಯಾರಿ ಬಾರದವರೂ ನಕ್ಕರಂತೆ. ಕೈಯನ್ನು ನೋಡಿಯೇ ಅವರಿಗೆ ಗೊತ್ತಾಯಿತು. ಊರಿನಿಂದ ಬಂದು ಬಹಳ ಕಾಲವಾದ ಒಬ್ಬ ಅಜ್ಜಿ ಟಿವಿಯ ದನಿಗೆ ಬ್ಯಾರಿಯಲ್ಲೇ ಉತ್ತರ ಕೊಡತೊಡಗಿದರಂತೆ, ಎದುರಿಗೆ ಕೂತವರ ಹತ್ತಿರ ಮಾತಾಡಿದ ಹಾಗೆ. ಮೂರು ಸಲ ಹಾಕಿಸಿದರು. ಆಮೇಲೆ ಒಬ್ಬೊಬ್ಬರೂ ತಾವು ಈ ಊರಿಗೆ ಬಂದ ಮೊದಲ ವರ್ಷದ ಕತೆ ಹೇಳಿದರು. ಮಗ್ರಿಬ್ ಬಾಂಗ್ ಆಗುವವರೆಗೆ ಯಾರೂ ಏಳಲಿಲ್ಲ.

ಹಿಂದೂಪುರದಲ್ಲಿ ನಾವು ಮಾಡಿದ್ದಕ್ಕೆ ಬ್ಯಾನರ್ ಇತ್ತು, ಮುಖ್ಯ ಅತಿಥಿ ಇದ್ದರು, ಶಾಲು ಇತ್ತು, ಮೂವತ್ತು ನಿಮಿಷ ಭಾಷಣ ಇತ್ತು. ಹಬ್ಬ ನಡೆದದ್ದು ಕಲ್ಯಾಣದುರ್ಗದ ಆ ಹಾಲಿನಲ್ಲಿ.

"ಯಾರಿಗೆ ಅರ್ಥ ಆಗುತ್ತದೆ" ಅಂದವರಿಗೆ ಇನ್ನೊಂದು ಮಾತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಅಡಿಕೆ ತೋಟದ ಹಳ್ಳಿ ಅದು. ಅಲ್ಲಿಯ ಜನ ಜಪಾನಿನ 'ರಾಶೋಮನ್' ನೋಡಿದರು, ಬಂಗಾಳಿಯ 'ಪಥೇರ್ ಪಾಂಚಾಲಿ' ನೋಡಿದರು. ಜಪಾನಿ ಬರುತ್ತಿತ್ತೇ ಅವರಿಗೆ? ಹಳ್ಳಿಯವರಿಗೆ ಅರ್ಥ ಆಗುವುದಿಲ್ಲ ಅಂತ ಸುಬ್ಬಣ್ಣ ಮೊದಲೇ ತೀರ್ಮಾನ ಮಾಡಲಿಲ್ಲ. ನಾವು ಮಾಡಿದೆವು, ಅದೂ ನಮ್ಮದೇ ಭಾಷೆಯ ಬಗ್ಗೆ.

"ಅಡುಗೆಮನೆ ತೋರಿಸಿ ಏನು ಸಿಗುತ್ತದೆ" ಅಂದವರಿಗೆ: ಮೈಸೂರಿನಲ್ಲಿ ವೈದ್ಯಕೀಯ ಓದಿ ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಸೇರಿದ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಕತೆ ಏನು? ಒಬ್ಬ ಮುದುಕಿ ಊರಿನ ಹುಂಜ ಕದಿಯುತ್ತಾಳೆ, ಊರಿಗೆ ಬೆಳಕೇ ಹರಿಯುವುದಿಲ್ಲ. ಹದಿನಾರು ನಿಮಿಷ. ಅಜ್ಜಿಯಂದಿರು ಹೇಳುವಂಥ ಕತೆ. ಹುಂಜ ಕದ್ದ ಮುದುಕಿಯನ್ನು ಜಗತ್ತು ಕೂತು ನೋಡುತ್ತದೆ. ಪತ್ತಿರ್ ಮಾಡುವ ಉಮ್ಮನನ್ನು ನಮ್ಮ ಬೀದಿ ನೋಡುವುದಿಲ್ಲವಂತೆ.

ನಮ್ಮ ಭಾಷೆಯ ಮೊದಲ ಸಿನಿಮಾ 'ಬ್ಯಾರಿ'ಗೆ 2011ನೇ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು, ಮರಾಠಿಯ 'ದೇವುಳ್' ಜೊತೆ ಹಂಚಿಕೊಂಡು. ಸ್ವರ್ಣ ಕಮಲ! ನಾವೆಲ್ಲ ಸಿಹಿ ಹಂಚಿದೆವು. ನಿರ್ದೇಶಕ ಸುವೀರನ್ ಕೇರಳದವರು, ನಾಯಕಿ ಮಲ್ಲಿಕಾ ಕೇರಳದವರು. ಅವರಿಗೆ ನಾವು ಋಣಿ. ಆದರೆ ಅಲ್ಲಿಂದ ಇಲ್ಲಿಯವರೆಗೆ ಬ್ಯಾರಿ ಸಿನಿಮಾಗಳನ್ನು ಎಣಿಸಲು ಕೈಬೆರಳು ಸಾಕು. ಆ ಚಿತ್ರದ ಬಗ್ಗೆ ಇನ್ನೊಂದು ಸಂಗತಿಯನ್ನು ನಾವು ಮೆಲ್ಲಗೆ ಮರೆತಿದ್ದೇವೆ. ಅದು ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ಕತೆ, ತಮ್ಮನ್ನು ಕೇಳದೆ ಬಳಸಿದ್ದಾರೆ ಅಂತ ಸಾರಾ ಅಬೂಬಕ್ಕರ್ ಕೋರ್ಟಿಗೆ ಹೋದರು. ಕಾಸರಗೋಡಿನಲ್ಲಿ ಹುಟ್ಟಿ, ಲಂಕೇಶ್ ಪತ್ರಿಕೆಯಲ್ಲಿ ಆ ಕತೆ ಬರೆದು, ನಮ್ಮವರಿಂದಲೇ ಸಾಕಷ್ಟು ಬೈಸಿಕೊಂಡ ಹೆಂಗಸು. 2023ರ ಜನವರಿಯಲ್ಲಿ ತೀರಿಕೊಂಡರು. ಹೆಣ್ಣಿನ ಕತೆ ಬೇಕು, ಅದನ್ನು ಅವಳೇ ಹೇಳುವುದು ಬೇಡ. ಈ ಬುದ್ಧಿ ನಮ್ಮ ಐದು ಮಂದಿಯ ಕಮಿಟಿಯಲ್ಲಿ ಹುಟ್ಟಿದ್ದಲ್ಲ. ನಾವು ಮುಂದುವರಿಸಿದೆವು, ಅಷ್ಟೇ.

ಮಾಲೆಗಾಂವ್ ಬಗ್ಗೆ ನಿಮಗೆ ಗೊತ್ತಿರಬಹುದು. ಮಹಾರಾಷ್ಟ್ರದ ಪವರ್‌ಲೂಮ್ ಊರು, ಹೆಚ್ಚಿನವರು ಮುಸ್ಲಿಮರು. ವಿಡಿಯೋ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್ ಮಗ್ಗದ ಕೆಲಸಗಾರರನ್ನು ಸೇರಿಸಿ 'ಮಾಲೆಗಾಂವ್ ಕೆ ಶೋಲೆ' ಮಾಡಿದರು, ಆಮೇಲೆ ಊರಿನದೇ ಸೂಪರ್‌ಮ್ಯಾನ್ ಮಾಡಿದರು. 2008ರಲ್ಲಿ ಫೈಜಾ ಅಹ್ಮದ್ ಖಾನ್ ಅವರ ಮೇಲೆ ಸಾಕ್ಷ್ಯಚಿತ್ರ ತೆಗೆದರು. ಬಡ ಮುಸ್ಲಿಂ ಊರೊಂದು ತನ್ನನ್ನು ತಾನೇ ನೋಡಿ ನಕ್ಕದ್ದು ದೊಡ್ಡ ಸಂಗತಿ. ಆದರೆ ಅಲ್ಲಿಯೂ ಹೀರೋಯಿನ್ ಹೊರಗಿನಿಂದಲೇ ಬರಬೇಕಾಗಿತ್ತು. ನಾವು ಮಾಲೆಗಾಂವಿನಿಂದ ಧೈರ್ಯ ಕಲಿಯೋಣ, ಆ ಕೊರತೆಯನ್ನಲ್ಲ.

ಹಿರಿಯರು ಹೇಳುವುದೆಲ್ಲ ತಪ್ಪು ಅಂತ ನಾನು ಹೇಳುವುದಿಲ್ಲ. ಒಂದು ಮಾತು ನಿಜ. ವಿಡಿಯೋ ಒಮ್ಮೆ ಮೊಬೈಲಿನಿಂದ ಮೊಬೈಲಿಗೆ ಹೋದರೆ ಯಾರ ಕೈಗೆ ಸಿಗುತ್ತದೆ, ಏನು ಮಾಡುತ್ತಾರೆ ಗೊತ್ತಾಗದು. ಮನೆ ಹೆಣ್ಣುಮಕ್ಕಳ ಬಗ್ಗೆ ಆ ಭಯ ನನಗೂ ಇದೆ. ನನಗೂ ಮಗಳಿದ್ದಾಳೆ. ಆದರೆ ಮೆಷಿನ್ ಕೈ ಕಚ್ಚುತ್ತದೆ ಅಂತ ಕಾರ್ಖಾನೆ ಮುಚ್ಚುವುದಿಲ್ಲ, ಗಾರ್ಡ್ ಹಾಕುತ್ತೇವೆ. ಇಲ್ಲಿಯೂ ಗಾರ್ಡ್ ಹಾಕೋಣ. ಚಿತ್ರದಲ್ಲಿ ಯಾರಿದ್ದಾರೋ ಅವರ ಒಪ್ಪಿಗೆ ಇಲ್ಲದೆ ತೋರಿಸಬಾರದು. ಅವರು ಹೇಳದೆ ಯೂಟ್ಯೂಬಿಗಾಗಲಿ ವಾಟ್ಸಾಪಿಗಾಗಲಿ ಹಾಕಬಾರದು. ಪೆನ್‌ಡ್ರೈವ್ ತೆಗೆದವರ ಕೈಯಲ್ಲೇ ಇರಲಿ. ಹೆಂಗಸರಿಗೆ ಮಾತ್ರ ಅಂದರೆ ಹೆಂಗಸರಿಗೆ ಮಾತ್ರ. ಅಕ್ಕನ ಮನೆಯಲ್ಲಿ ನಾನು ಜಗಲಿಯಲ್ಲಿ ಕೂತದ್ದರಿಂದ ನನಗೇನೂ ಕಡಿಮೆಯಾಗಲಿಲ್ಲ. ಆದರೆ ಗಮನಿಸಿ: ಆ ತೀರ್ಮಾನ ಆ ಉಮ್ಮನದು. ಕಮಿಟಿಯದ್ದಲ್ಲ. ನಾವು ಐದು ಗಂಡಸರು ಕೂತು ತೀರ್ಮಾನ ಮಾಡುವಾಗ ಆ ಉಮ್ಮನನ್ನಾಗಲಿ ಮಗಳನ್ನಾಗಲಿ ಒಂದು ಮಾತು ಕೇಳಿರಲಿಲ್ಲ.

ಕೊನೆಗೆ ಭಾಷೆಯ ಮಾತು. ಸರಕಾರ 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾಡಿತು, ಒಳ್ಳೆಯದಾಯಿತು. ಆದರೆ ನಮ್ಮ ಭಾಷೆ ಪುಸ್ತಕದಲ್ಲಿ ಇದ್ದದ್ದಕ್ಕಿಂತ ಬಾಯಲ್ಲಿ ಇದ್ದದ್ದೇ ಹೆಚ್ಚು. ಮಂಗಳೂರು, ಬಂಟ್ವಾಳದಲ್ಲಿ ಬೀದಿಗೆ ಇಳಿದರೆ ಅದು ಕೇಳಿಸುತ್ತದೆ. ಇಲ್ಲಿ ಮನೆಯ ಬಾಗಿಲು ದಾಟಿದರೆ ಮುಗಿಯಿತು. ನಾನು ಬ್ಯಾರಿಯಲ್ಲಿ ಕೇಳಿದರೆ ನನ್ನ ಮಗಳು ತೆಲುಗಿನಲ್ಲಿ ಉತ್ತರಿಸುತ್ತಾಳೆ. ಉಪ್ಪ ತೀರಿಕೊಂಡು ಆರು ವರ್ಷವಾಯಿತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗೆ ತೆಲುಗು, ಲೋಡಿನವರಿಗೆ ಕನ್ನಡ, ನನಗೆ ಬ್ಯಾರಿ, ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದರು. ಅದರ ಒಂದು ನಿಮಿಷವೂ ನನ್ನಲ್ಲಿಲ್ಲ. ಮೊಬೈಲ್ ಇತ್ತು. ಚಾರ್ಜ್ ಇತ್ತು. ನಾನೂ ಅಲ್ಲೇ ಇದ್ದೆ. ಅಂಗಡಿಯಲ್ಲಿ ಸಿನಿಮಾ ಮಾಡುವಂಥದ್ದು ಏನಿದೆ ಅಂದುಕೊಂಡಿದ್ದೆ.

ಅದಕ್ಕೇ ಕೇಳುತ್ತಿದ್ದೇನೆ. ಇನ್ನೊಂದು ಹಬ್ಬ ಮಾಡೋಣ. ಶಾಲು ಬೇಡ, ಮುಖ್ಯ ಅತಿಥಿ ಬೇಡ, ಬಹುಮಾನವೂ ಬೇಡ. ಆ ದುಡ್ಡಿಗೆ ಇನ್ನೊಂದು ಒಳ್ಳೆಯ ಸ್ಪೀಕರ್ ತರೋಣ. ಬೇಕಾದ ಪರವಾನಗಿ ತೆಗೆದುಕೊಂಡು ರಾತ್ರಿ ಹತ್ತರೊಳಗೆ ಮುಗಿಸೋಣ. ಕಮಿಟಿಯಲ್ಲಿ ಐದು ಮಂದಿಯಿದ್ದರೆ ಮೂವರು ಹೆಂಗಸರಿರಲಿ. ಬ್ಯಾರಿ, ಉರ್ದು, ತೆಲುಗು, ಕನ್ನಡ, ಯಾವ ಭಾಷೆಯಲ್ಲಿದ್ದರೂ ಬರಲಿ. ಒಂದು ಸಂಜೆ ಹಿಂದೂಪುರದಲ್ಲಿ, ಒಂದು ಸಂಜೆ ಕಲ್ಯಾಣದುರ್ಗದಲ್ಲಿ. ಊರಿನಲ್ಲಿರುವವರು, ಗಲ್ಫ್‌ನಲ್ಲಿರುವವರು ದುಡ್ಡು ಕಳಿಸಬೇಡಿ. ನಿಮ್ಮ ಉಮ್ಮನ ಹತ್ತಿರ ಕೂತು ಐದು ನಿಮಿಷ ತೆಗೆದಿಡಿ. ಅವರ ಒಪ್ಪಿಗೆ ಕೇಳಿ ತೆಗೆಯಿರಿ.

ಆ ಹುಡುಗಿಯ ಮನೆಗೆ ಹೋಗಿ ನಾನು ತಪ್ಪಾಯಿತು ಅಂದೆ. ಅವಳು ಏನೂ ಹೇಳಲಿಲ್ಲ. ಒಳಗಿನಿಂದ ಅವಳ ಉಮ್ಮನ ದನಿ ಬಂತು: "ಚಹಾ ಕುಡಿದು ಹೋಗಲು ಹೇಳು." ಬಾಗಿಲಿನ ಆಚೆ ನಿಂತ ನನಗೆ ಸರಿಯಾಗಿಯೇ ಕೇಳಿಸಿತು. ಬೀದಿಗೇನೂ ಆಗಲಿಲ್ಲ.

ವಸ್ಸಲಾಂ.