ಪಕ್ಕದ ಮನೆಗೆ ಬರೋಕೆ ಪರ್ಮಿಟ್ ಬೇಕಾ ಸ್ವಾಮಿ?

ಅಮೆರಿಕದಲ್ಲಿ ಯಾವುದಾದರೂ ಬೀದಿಗೆ 'ಗ್ರೂಪ್ ಹೋಮ್' ಬರುತ್ತೆ ಅಂತ ಗೊತ್ತಾದರೆ ಸಾಕು, ಅಲ್ಲಿಯ ಜನಕ್ಕೆ ಇದ್ದಕ್ಕಿದ್ದಂತೆ ಟ್ರಾಫಿಕ್ ಚಿಂತೆ ಶುರುವಾಗುತ್ತೆ. ಪಾರ್ಕಿಂಗ್ ಚಿಂತೆ, ಮನೆ ರೇಟು ಬಿದ್ದುಹೋಗುತ್ತೆ ಅನ್ನೋ ಚಿಂತೆ... ಬರುವವರಾದರೂ ಯಾರು? ಬೌದ್ಧಿಕ ನ್ಯೂನತೆ ಇರುವ ನಾಲ್ಕಾರು ಜನ. ಅವರಲ್ಲಿ ಎಷ್ಟೋ ಮಂದಿ ಕಾರೇ ಓಡಿಸುವವರಲ್ಲ!

ಇದು ಹಳೇ ನಾಟಕ. ಟೆಕ್ಸಾಸ್‌ನ ಕ್ಲೆಬರ್ನ್ ಅನ್ನೋ ಊರಲ್ಲಿ 1980ರಲ್ಲಿ 13 ಜನರಿಗೆ ಇಂಥದೊಂದು ಮನೆ ಮಾಡಲು ಹೊರಟರು. ಅಲ್ಲಿನ ಝೋನಿಂಗ್ ನಿಯಮದ ಪ್ರಕಾರ ಅದೇ ಜಾಗದಲ್ಲಿ ಅಪಾರ್ಟ್‌ಮೆಂಟ್, ಹಾಸ್ಟೆಲ್, ವೃದ್ಧಾಶ್ರಮ, ಆಸ್ಪತ್ರೆ ಏನು ಬೇಕಾದರೂ ಮಾಡಬಹುದಿತ್ತು. ಆದರೆ ಇವರಿಗೆ ವಿಶೇಷ ಪರ್ಮಿಟ್ ಬೇಕಾಗಿತ್ತು. ನಗರಸಭೆ 3-1 ಮತದಿಂದ 'ಕೊಡಲ್ಲ' ಅಂತು. ಕೊಟ್ಟ ಕಾರಣ ನೋಡಿ: ಎದುರಿಗೆ ಶಾಲೆ ಇದೆ, ಮಕ್ಕಳು ಇವರಿಗೆ ಕಾಟ ಕೊಟ್ಟಾರು. ಅರೆ, ಆ ಶಾಲೆಯಲ್ಲೇ ಇಂಥ ಸುಮಾರು 30 ಮಕ್ಕಳು ಓದುತ್ತಿದ್ದರು! ಇನ್ನೊಂದು ಕಾರಣ, 500 ವರ್ಷಕ್ಕೊಮ್ಮೆ ಪ್ರವಾಹ ಬರಬಹುದಾದ ಜಾಗವಂತೆ. ಹಾಗಾದರೆ ಆಸ್ಪತ್ರೆ ಮುಳುಗಲ್ವಾ?

1985ರಲ್ಲಿ ಸುಪ್ರೀಂ ಕೋರ್ಟ್, ಇದರ ಹಿಂದಿರೋದು ಬರೀ ಪೂರ್ವಗ್ರಹ ಅಂತ ಹೇಳಿ ಆ ಪರ್ಮಿಟ್ ಷರತ್ತನ್ನು ತಳ್ಳಿಹಾಕಿತು. 1988ರಲ್ಲಿ ಫೇರ್ ಹೌಸಿಂಗ್ ಕಾಯ್ದೆಯ ರಕ್ಷಣೆ ಅಂಗವಿಕಲರಿಗೂ ಸಿಕ್ಕಿತು.

ಆದರೆ ಪೂರ್ವಗ್ರಹಕ್ಕೆ ವೇಷ ಬದಲಿಸೋದು ಗೊತ್ತು. ಮಿಶಿಗನ್ ರಾಜ್ಯದಲ್ಲಿ, ಇಂಥ ಎರಡು ಮನೆಗಳ ಮಧ್ಯೆ 1,500 ಅಡಿ ಅಂತರ ಇರಬೇಕು, ಅಕ್ಕಪಕ್ಕದವರಿಗೆ ಮೊದಲೇ ನೋಟೀಸು ಹೋಗಬೇಕು ಅನ್ನೋ ನಿಯಮ ಇತ್ತು. ಅದನ್ನೂ 1996ರಲ್ಲಿ ಅಪೀಲು ಕೋರ್ಟ್ ಹೊಡೆದುಹಾಕಿತು. ಒಂದೇ ಬೀದಿಯಲ್ಲಿ ಇಂಥ ಹತ್ತು ಮನೆ ಸೇರಿದರೆ ಅದೂ ಒಂದು ಆಶ್ರಮವೇ ಆಗುತ್ತೆ ಅನ್ನೋ ವಾದ ಪೂರ್ತಿ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ನೋಟೀಸು ಯಾಕೆ? ನೀವು ಮನೆ ಮಾಡಿದಾಗ ಅಕ್ಕಪಕ್ಕದವರಿಗೆ ನೋಟೀಸು ಕಳಿಸಿದ್ದಿರಾ?

ಅಮೆರಿಕದವರನ್ನು ಬೈದು ಸುಮ್ಮನಾಗೋದು ಸುಲಭ. ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್, ಎಲ್ಲರ ನಡುವೆ ಬದುಕುವ ಹಕ್ಕನ್ನು ಇವರಿಗೆ ಕೊಟ್ಟಿದೆ. 'ನಾವು ಹೋದಮೇಲೆ ಇವನಿಗೆ ಯಾರು ಗತಿ?' ಅಂತ ನಿದ್ದೆಗೆಡುವ ಅಪ್ಪ-ಅಮ್ಮಂದಿರು ಬೆಂಗಳೂರಲ್ಲೂ ಇದ್ದಾರೆ. ಬ್ಯಾಚುಲರ್‌ಗಳಿಗೇ ಮನೆ ಕೊಡೋಕೆ ಹಿಂದೆಮುಂದೆ ನೋಡುವ ಊರು ನಮ್ಮದು.

ನಾಳೆ ನಿಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗಿನಲ್ಲಿ ಈ ಮಾತು ಬಂದರೆ ನೀವು ಯಾವ ಕಡೆಗೆ ಕೈ ಎತ್ತುತ್ತೀರಿ? ಪಾರ್ಕಿಂಗ್ ವಿಷಯ ಆಮೇಲೆ, ಮೊದಲು ಇದನ್ನು ಹೇಳಿ.