ಭತ್ತವೂ ಮನುಷ್ಯನೂ

ಕಣಜದಿಂದ ಒಂದು ಹಿಡಿ ಭತ್ತವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡೋಣ. ಆ ಕಾಳು, ಅದನ್ನು ಹಿಡಿದ ಕೈ, ಇವೆರಡರಲ್ಲಿ ಯಾವುದಕ್ಕೆ ಪಿತ್ರಾರ್ಜಿತ ಹೆಚ್ಚೆಂದು ಕೇಳಿದರೆ, ನಾವು ಹಿಂದುಮುಂದು ನೋಡದೆ ಮನುಷ್ಯನಿಗೆಂದು ಹೇಳಿಬಿಡುವೆವು. ಶಾಸ್ತ್ರಜ್ಞರ ಲೆಕ್ಕವು ಬೇರೆಯಾಗಿರುವುದು.

ಪ್ರತಿಯೊಂದು ಜೀವಕೋಶದಲ್ಲಿಯೂ ವಂಶಪರಂಪರೆಯಾಗಿ ಬಂದ ಬರಹವೊಂದುಂಟು. ಅಕ್ಷರಗಳನ್ನೆಣಿಸಿದರೆ ಮನುಷ್ಯನದು ಸುಮಾರು 300 ಕೋಟಿ, ಭತ್ತದ್ದು 40 ಕೋಟಿಗೆ ತುಸು ಕಡಮೆ. ಗ್ರಂಥವೇನೋ ನಮ್ಮದೇ ದಪ್ಪ. ಆದರೆ ಅದರೊಳಗಿನ ವಂಶವಾಹಿಗಳನ್ನು ಎಣಿಸಿದಾಗ ಮನುಷ್ಯನ ಪಾಲಿಗೆ ಬಂದುದು 20,000ದಷ್ಟು ಮಾತ್ರ. ಭಾರತವೂ ಸೇರಿದಂತೆ ಹಲವು ದೇಶಗಳ ವಿದ್ವಾಂಸರು 2005ರಲ್ಲಿ ಪ್ರಕಟಿಸಿದಂತೆ ಭತ್ತಕ್ಕೆ 37,544! ತರುವಾಯ ಅಂಕಿಗಳು ಅಷ್ಟಿಷ್ಟು ಬದಲಾದರೂ ಭತ್ತವು ಹಿಂದೆ ಬಿದ್ದಿಲ್ಲ. ಸಂಖ್ಯೆಯೊಂದರಿಂದಲೇ ಹಿರಿಮೆಯನ್ನು ಅಳೆಯಲಾಗದೆಂಬುದು ನಿಜ. ನಮ್ಮ ಒಂದೇ ವಂಶವಾಹಿಯು ಹಲವು ಬಗೆಯ ಕೆಲಸಕ್ಕೆ ಒದಗಬಲ್ಲುದು.

ಆದರೂ ಭತ್ತವು ಬಲ್ಲ ಎಷ್ಟೋ ವಿದ್ಯೆಗಳು ನಮಗೆ ಬಾರವು. ಬೇರೂರಿದ ಗಿಡವು ಎದ್ದು ಹೋಗಿ ಉಂಡು ಬರುವಂತಿಲ್ಲ. ಗಾಳಿ, ನೀರು, ಬಿಸಿಲು, ಮಣ್ಣಿನ ಸಾರ, ಇಷ್ಟರಿಂದಲೇ ತನಗೆ ಬೇಕಾದುದನ್ನೆಲ್ಲ ತಾನೇ ಅಟ್ಟುಕೊಳ್ಳಬೇಕು. ಸಸಾರಜನಕವನ್ನು ಕಟ್ಟುವ 20 ಅಮೈನೋ ಆಮ್ಲಗಳನ್ನೂ ಅದು ಮಾಡಿಕೊಳ್ಳುವುದು. ನಮ್ಮ ಶರೀರಕ್ಕೆ ಅವುಗಳಲ್ಲಿ 9ನ್ನು ಮಾಡಲು ತಿಳಿಯದು. 'ಸಿ' ಜೀವಸತ್ವದ ಸಂಗತಿಯಂತೂ ಇನ್ನೂ ವಿಚಿತ್ರ. ಅದನ್ನು ಸಿದ್ಧಪಡಿಸುವ ಕಡೆಯ ಹಂತದ ವಂಶವಾಹಿಯು ನಮ್ಮಲ್ಲಿಯೂ ಕೋತಿಗಳಲ್ಲಿಯೂ ಕೆಟ್ಟು ನಿಂತಿದೆ. ಹಣ್ಣುಹಂಪಲು ತಿಂದು ಬಾಳಿದ ಪೂರ್ವಿಕರಿಗೆ ಆ ನಷ್ಟವು ತಿಳಿಯಲಿಲ್ಲವೆಂದು ಊಹೆ. ತಿಳಿದುದು ತಿಂಗಳುಗಟ್ಟಲೆ ಹಡಗಿನಲ್ಲಿ ಒಣರೊಟ್ಟಿ ತಿಂದ ನಾವಿಕರಿಗೆ; ಒಸಡು ಬಾತು, ರಕ್ತ ಒಸರಿ, ಲೆಕ್ಕವಿಲ್ಲದಷ್ಟು ಮಂದಿ ಸತ್ತರು. ನಮ್ಮ ಕೊಟ್ಟಿಗೆಯ ಹಸುವಿಗೆ ಈ ಕೊರತೆಯಿಲ್ಲ!

ಭತ್ತವು ಇಷ್ಟೆಲ್ಲ ಬಲ್ಲುದೆಂದು ಅನ್ನವೊಂದನ್ನೇ ನಂಬುವಂತಿಲ್ಲ. ಅದು ಕಾಳಿನಲ್ಲಿ ಬುತ್ತಿ ಕಟ್ಟುವುದು ತನ್ನ ಮೊಳಕೆಗೆ, ನಮ್ಮ ಮಕ್ಕಳಿಗಲ್ಲ. ನಮಗೆ ಅವಶ್ಯವಾದ ಆ ಒಂಬತ್ತರಲ್ಲಿ ಲೈಸೀನ್ ಎಂಬುದು ಅಕ್ಕಿಯಲ್ಲಿ ಸಾಲದು, ತೊಗರಿಬೇಳೆಯಲ್ಲಿ ಧಾರಾಳವಾಗಿರುವುದು. ಅನ್ನಕ್ಕೆ ತೊವ್ವೆ ಬಡಿಸಿದ ನಮ್ಮ ಅಜ್ಜಿಯರು ಈ ಹೆಸರನ್ನು ಕೇಳಿದವರಲ್ಲ. ಬೇಳೆ ತುಟ್ಟಿಯಾದ ತಿಂಗಳುಗಳಲ್ಲಿ ಸಾರು ತಿಳಿಯಾಗುವುದು ಎಲ್ಲರ ಮನೆಯ ಮಾತು. ಅಂತಹ ದಿನಗಳಲ್ಲಿ ಪಾತ್ರೆಯ ತಳದ ಗಟ್ಟಿಯನ್ನು ಯಜಮಾನರಿಗೆ ಮೀಸಲಿಡದೆ ಬೆಳೆಯುವ ಮಕ್ಕಳ ಎಲೆಗೆ ಮೊದಲು ಬಡಿಸಬೇಕೆಂದು ಗೃಹಿಣಿಯರಲ್ಲಿ ನಮ್ಮ ವಿಜ್ಞಾಪನೆ.