ದೊಡ್ಡಪ್ಪನ ಎದೆಯ ಚುಕ್ಕೆ ಮತ್ತು ಗ್ರಹಣಕ್ಕೆ ಹೋದ ಫಿಲ್ಮು

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಿದೆಯಾ? ಅವತ್ತು ನಮ್ಮ ಮನೆಯ ಹುಡುಗರು ಒಂದು ಘನಂದಾರಿ ಕೆಲಸ ಮಾಡಿದ್ದರು. ಅಟ್ಟದ ಮೇಲಿದ್ದ ದೊಡ್ಡಪ್ಪನ ಸ್ಕ್ಯಾನ್ ಫಿಲ್ಮನ್ನು ಕತ್ತರಿಸಿ, ಆಳಿಗೊಂದು ತುಂಡು ಹಂಚಿಕೊಂಡು ಸೂರ್ಯನನ್ನು ನೋಡಿದ್ದರು. (ಹಾಗೆ ನೋಡೋದು ಕಣ್ಣಿಗೆ ಅಪಾಯ, ದಯವಿಟ್ಟು ಯಾರೂ ಮಾಡಬೇಡಿ.) ಆ ವರ್ಷ ದೊಡ್ಡಪ್ಪ ಬೈಕಿನಿಂದ ಬಿದ್ದಾಗ ಎದೆಯ ಸಿ.ಟಿ. ಮಾಡಿಸಿದ್ದ ಫಿಲ್ಮು ಅದು. ಪಕ್ಕೆಲುಬು ಮುರಿದಿಲ್ಲ ಅಂದರು, ನೋವೂ ಹೋಯ್ತು. ಇನ್ನು ಫಿಲ್ಮು ಯಾರಿಗೆ ಬೇಕು?

ಬೇಕಾಯ್ತು. ಐದು ವರ್ಷದ ಮೇಲೆ!

2024ರಲ್ಲಿ ದೊಡ್ಡಪ್ಪನಿಗೆ ಬಿಡದ ಕೆಮ್ಮು. ಮತ್ತೆ ಸಿ.ಟಿ. ಬಲಗಡೆ ಶ್ವಾಸಕೋಶದಲ್ಲಿ ಹತ್ತು ಮಿಲಿಮೀಟರಿನ ಒಂದು ಚುಕ್ಕೆ. ಡಾಕ್ಟರು ಮೊದಲು ಕೇಳಿದ್ದೇ "ಯಜಮಾನ್ರೇ, ಹಳೇ ಫಿಲ್ಮು ಏನಾದ್ರೂ ಇದೆಯಾ?" ಅಂತ. ನಾವು ಮುಖ ಮುಖ ನೋಡಿಕೊಂಡೆವು. ಹಿಂದೆ ಸ್ಕ್ಯಾನ್ ಮಾಡಿದ್ದ ಕಡೆ ಫೋನ್ ಮಾಡಿದರೆ, ಅಷ್ಟು ಹಳೇದು ನಾವು ಇಟ್ಟಿರಲ್ಲ ಅಂದರು.

ಹಳೇ ಫಿಲ್ಮಿಗೆ ಯಾಕಿಷ್ಟು ಬೆಲೆ ಅಂತ ಆಮೇಲೆ ಅರ್ಥವಾಯ್ತು. ಒಂದು ಗಟ್ಟಿ ಚುಕ್ಕೆ ಎರಡು ವರ್ಷ ಬೆಳೆಯದೆ ಹಾಗೇ ಇದ್ದರೆ ಸಾಮಾನ್ಯವಾಗಿ ಅದು ಕ್ಯಾನ್ಸರ್ ಅಲ್ಲ ಅಂತಲೇ ಲೆಕ್ಕ. ನಮ್ಮ ದೇಶದಲ್ಲಿ ಹಳೇ ಕ್ಷಯದ ಕಲೆಗಳೂ ಹೀಗೇ ಕಾಣುತ್ತವೆ. ಹಳೇ ಚಿತ್ರ ಇದ್ದಿದ್ದರೆ ಹತ್ತು ನಿಮಿಷದಲ್ಲಿ ತೀರ್ಮಾನ ಆಗುತ್ತಿತ್ತು. ಇಲ್ಲದ್ದಕ್ಕೆ ಮೂರು ತಿಂಗಳು ಕಾದು ಮತ್ತೊಂದು ಸಿ.ಟಿ. ಆ ಮೂರು ತಿಂಗಳು ನಮ್ಮನೇಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ದೊಡ್ಡಮ್ಮ ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಹರಕೆ ಹೊತ್ತರು. ಕೊನೆಗೆ ಚುಕ್ಕೆ ಬೆಳೆದಿರಲಿಲ್ಲ. ಸದ್ಯಕ್ಕೆ ಬಚಾವ್.

ಈಗ ವಿಷಯಕ್ಕೆ ಬರ್ತೀನಿ. ಹಳೇ ಸ್ಕ್ಯಾನು, ಹೊಸ ಸ್ಕ್ಯಾನು ಎರಡನ್ನೂ ಹೋಲಿಸಿ ಏನು ಬದಲಾಗಿದೆ ಅಂತ ಹೇಳುವ ಕೆಲಸವನ್ನು ಈಗ ಕಂಪ್ಯೂಟರಿಗೆ ಕಲಿಸುತ್ತಿದ್ದಾರೆ. ಮಷೀನ್ ಲರ್ನಿಂಗ್ ಅಂತಾರಲ್ಲ, ಅದೇ. ಇದು ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡಿದಷ್ಟು ಸುಲಭ ಅಲ್ಲ. ಹೋದ ಸಲ ಎಷ್ಟು ಉಸಿರು ಎಳೆದಿದ್ದರೋ, ಹೇಗೆ ಮಲಗಿದ್ದರೋ, ಈ ಸಲ ಹೇಗೋ. ಹಾಗಾಗಿ ಮೊದಲು ಹಳೇ ಚಿತ್ರವನ್ನು ಅಷ್ಟಿಷ್ಟು ಎಳೆದು ಜಗ್ಗಿ ಹೊಸದರ ಮೇಲೆ ಸರಿಯಾಗಿ ಕೂರಿಸಬೇಕು. ಆಮೇಲೆ ಚುಕ್ಕೆಯ ಗಡಿ ಗುರುತಿಸಿ, ಒಟ್ಟು ಗಾತ್ರ ಅಳೆಯಬೇಕು.

ಇದರಿಂದ ಏನು ಲಾಭ? ಒಂದು ಲೆಕ್ಕ ನೋಡಿ. ಎಂಟು ಮಿಲಿಮೀಟರಿನ ದುಂಡಗಿನ ಚುಕ್ಕೆ ಹತ್ತಾಯ್ತು ಅಂದುಕೊಳ್ಳಿ. ಅಡ್ಡಳತೆಯಲ್ಲಿ ಬೆಳೆದದ್ದು ಎರಡೇ ಮಿಲಿಮೀಟರು, ಕೈಯಲ್ಲಿ ಅಳೆಯುವಾಗ ಅಷ್ಟು ಹೆಚ್ಚುಕಮ್ಮಿ ಆಗಿಬಿಡಬಹುದು. ಆದರೆ ಗಾತ್ರದ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಎರಡರಷ್ಟಾಗಿದೆ! ಕಣ್ಣು ತಪ್ಪಿಸಿಕೊಳ್ಳುವುದನ್ನು ಯಂತ್ರ ಹಿಡಿಯಬಲ್ಲದು ಅನ್ನೋದು ಇದಕ್ಕೇ.

ಆದರೆ ಯಂತ್ರಕ್ಕೂ ಎರಡು ಚಿತ್ರ ಬೇಕಲ್ಲ ಸ್ವಾಮಿ? ಒಂದು ಗ್ರಹಣಕ್ಕೆ ಹೋಗಿದ್ದರೆ ಅದೇನು ಹೋಲಿಸುತ್ತೆ, ತಲೆ?

ನಮ್ಮ ಹಳ್ಳಿಯಿಂದ ಕುದಾಪುರ ಕೂಗಳತೆ ದೂರ. ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 1500 ಎಕರೆಯ ಎರಡನೇ ಕ್ಯಾಂಪಸ್ ಇದೆ, ನಾಡಿನ ಮೇಷ್ಟ್ರುಗಳಿಗೆ ವಿಜ್ಞಾನದ ತರಬೇತಿ ಕೊಡುತ್ತಾರೆ. ಅದೇ ಸಂಸ್ಥೆಯ ಬೆಂಗಳೂರು ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 2018ರಲ್ಲಿ ಒಂದು ಅಧ್ಯಯನ ಶುರುಮಾಡಿತು. 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ಸೇರಿಸಿಕೊಂಡು, ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸಿ, ಮಿದುಳಿನ ಎಂ.ಆರ್.ಐ. ಕೂಡ ಮಾಡಿ, ಮರೆವಿನ ಕಾಯಿಲೆ ಹೇಗೆ ಶುರುವಾಗುತ್ತೆ ಅಂತ ನೋಡುವ ಗುರಿ. ನನಗೆ ಇದರಲ್ಲಿ ಇಷ್ಟವಾದದ್ದು ಅದೇ ಜನರ ಹತ್ತಿರ ತಿರುಗಿ ಹೋಗೋದು. ನಮ್ಮ ಕಾವಲಿನಲ್ಲಿ ಅಮೃತಮಹಲ್ ದನ ಕಾಯುವವರೂ ಹೀಗೇ. ಈ ಎತ್ತು ಸೊರಗಿದೆ ಅಂತ ದೂರದಿಂದಲೇ ಹೇಳ್ತಾರೆ. ಯಾಕೆ? ಹೋದ ವರ್ಷವೂ ಅದನ್ನು ನೋಡಿದ್ದಾರೆ, ಅದಕ್ಕೆ.

ಹಾಗಂತ ಯಂತ್ರ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ಹೋದ ಸಲ ಒಂದು ಊರಿನ ಮಷೀನು, ಈ ಸಲ ಇನ್ನೊಂದು ಊರಿನದು. ಒಂದರಲ್ಲಿ ಐದು ಮಿಲಿಮೀಟರಿಗೊಂದು ಪದರ, ಇನ್ನೊಂದರಲ್ಲಿ ಒಂದಕ್ಕೊಂದು. ಮಷೀನು ಬದಲಾದದ್ದನ್ನೇ ರೋಗ ಬದಲಾಯ್ತು ಅಂತ ಕಂಪ್ಯೂಟರ್ ತಿಳಿದುಕೊಂಡರೆ ಗತಿ ಏನು? ಕ್ಷಯದ ಕಲೆಗಳೇ ಅಪರೂಪವಾದ ದೇಶದ ಚಿತ್ರಗಳಿಂದ ಕಲಿತ ಯಂತ್ರ ನಮ್ಮವರ ಎದೆ ನೋಡಿ ಗಾಬರಿಯಾದರೆ? ಆ ಗಾಬರಿಗೆ ಇನ್ನೊಂದು ಸ್ಕ್ಯಾನು, ಇನ್ನೊಂದು ಬಸ್ ಚಾರ್ಜು, ಇನ್ನೊಂದು ದಿನದ ಕೂಲಿ ಕಳೆದುಕೊಳ್ಳೋರು ನಾವೇ. ಕೊನೆಯ ಮಾತು ಡಾಕ್ಟರದ್ದೇ ಇರಬೇಕು.

ಇನ್ನೊಂದು ವಿಷಯ. ನಮ್ಮ ಸುತ್ತಲಿನ ಸುಮಾರು ಹತ್ತು ಸಾವಿರ ಎಕರೆ ಕಾವಲನ್ನು ಹಲವು ವರ್ಷಗಳ ಹಿಂದೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಕೊಟ್ಟಾಗ, ನಮ್ಮನ್ನು ಯಾರೂ ಕೇಳಲಿಲ್ಲ ಅಂತ ಊರವರು ಗೋಳಾಡಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿವರೆಗೂ ಹೋಯ್ತು. ನಾಳೆ ನಮ್ಮ ಎದೆ, ಮಿದುಳಿನ ಚಿತ್ರಗಳೂ ಹಾಗೇ ಕೇಳದೆ ಹೋಗಬಾರದು. ಕೇಳಿ ತಗೊಳ್ಳಲಿ, ಯಾಕೆ ಬೇಕು ಅಂತ ಕನ್ನಡದಲ್ಲಿ ಹೇಳಲಿ. ನಮ್ಮೋರು ಕೊಡದೆ ಇರೋರಲ್ಲ.

ನನ್ನ ವಾದ ಇಷ್ಟೇ. ಯಂತ್ರಕ್ಕೆ ಬುದ್ಧಿ ಕಲಿಸುವುದಕ್ಕೂ ಮೊದಲು ನಮಗೆ ನೆನಪಿಟ್ಟುಕೊಳ್ಳುವ ವ್ಯವಸ್ಥೆ ಬೇಕು. ಸ್ಕ್ಯಾನ್ ಮಾಡಿದವರು ಬರೀ ಫಿಲ್ಮು ಕೈಗಿಟ್ಟು ಕಳಿಸದೆ, ಕೇಳದಿದ್ದರೂ ಸಿ.ಡಿ. ಅಥವಾ ಪೆನ್ ಡ್ರೈವಿನಲ್ಲಿ ಪೂರ್ತಿ ಚಿತ್ರ ಕೊಡಲಿ. ಫಿಲ್ಮಿನ ಮೇಲೆ ಅಚ್ಚಾಗೋದು ಅದರಲ್ಲಿ ಸ್ವಲ್ಪ ಮಾತ್ರ, ಕಂಪ್ಯೂಟರಿಗೆ ಬೇಕಾದ್ದು ಮೂಲ ಚಿತ್ರ. 2021ರಲ್ಲಿ ದೇಶಾದ್ಯಂತ ಶುರುವಾದ ಆಯುಷ್ಮಾನ್ ಡಿಜಿಟಲ್ ಆರೋಗ್ಯ ಸಂಖ್ಯೆ ಬರೀ ಕಾರ್ಡಾಗಿ ಜೇಬಲ್ಲಿ ಕೂರದೆ, ಹಳ್ಳಿಯವನ ಹಳೇ ಸ್ಕ್ಯಾನನ್ನು ಹೊಸ ಡಾಕ್ಟರಿಗೆ ತಲುಪಿಸಲಿ.

ಅಲ್ಲೀವರೆಗೆ? ನಮ್ಮ ದೊಡ್ಡಪ್ಪನ ಟ್ರಂಕಿನಲ್ಲಿ ಈಗ ಪಹಣಿ, ರೇಷನ್ ಕಾರ್ಡು, ಅದರ ಕೆಳಗೆ ಎರಡು ಸಿ.ಡಿ. ಬೀಗದ ಕೈ ಅವರ ಉಡಿದಾರದಲ್ಲಿ. ಮುಂದಿನ ಗ್ರಹಣಕ್ಕೂ ಕೊಡಲ್ಲ ಅಂತ ಹುಡುಗರಿಗೆ ಈಗಲೇ ಹೇಳಿಬಿಟ್ಟಿದ್ದಾರೆ!

ನಿಮ್ಮನೇಲಿ ಹಳೇ ಫಿಲ್ಮು ಎಲ್ಲಿದೆ? ಒಂದ್ಸಲ ಅಟ್ಟ ಹತ್ತಿ ನೋಡಿ.